ಬಣ್ಣ ಹೊಡೆಸುವ ಮುಂಚೆ ಸೈಕಲ್ಲನ್ನು ತಲೆಕೆಳಗು ಮಾಡಿ ನೋಡಿ

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನನ್ನ ಸೋದರಮಾವನ ಕಾಫಿ ತೋಟ ಇದೆ. ಹೋದ ವರ್ಷ ಕೊಯ್ಲು ಮುಗಿದ ಮೇಲೆ ಮಾವ ಗೋದಾಮು ಖಾಲಿ ಮಾಡಿಸುತ್ತಿದ್ದರು. ಹಳೇ ಗೋಣಿಚೀಲ, ಕೆಟ್ಟ ಪಲ್ಪರ್, ಮುರಿದ ಏಣಿ ಎಲ್ಲ ಹೊರಗೆ ಬಂದವು. ಕೊನೆಗೆ ಮೂಲೆಯಲ್ಲಿ ಒಂದು ಸೈಕಲ್ ಕಂಡಿತು. ಗೇಟಿಗೆ ಹೊಡೆಯುವ ಹಸಿರು ಪೇಂಟನ್ನು ಅದರ ಮೈತುಂಬಾ ಬಳಿದಿದ್ದರು. ಟಯರು ಎರಡೂ ಸೀಳಿಹೋಗಿದ್ದವು. ಸೀಟಿನ ರೆಕ್ಸಿನ್ ಇಲಿ ತಿಂದಿತ್ತು.

"ಗುಜರಿಯವನು ನಾನೂರು ರೂಪಾಯಿ ಅಂದಿದ್ದಾನೆ. ನಿಂಗೆ ಬೇಕಾದ್ರೆ ನೋಡೋ" ಅಂದರು ಮಾವ.

ನಾನು ಹಿಂದಿನ ಚಕ್ರದ ಹತ್ತಿರ ಕೂತೆ. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರನ್ನು ಬಟ್ಟೆಯಿಂದ ಒರೆಸಿದೆ. ಕಪ್ಪು ಜಿಡ್ಡಿನ ಕೆಳಗೆ 'ಶಿಮಾನೊ ಡಿಯೋರ್' ಅಂತ ಕಂಡಿತು. ಅದರ ಹಿಂಭಾಗದಲ್ಲಿ ಇನ್ನೂ ಸಣ್ಣದಾಗಿ ಎರಡು ಇಂಗ್ಲಿಷ್ ಅಕ್ಷರ ಇದ್ದವು. ಎನ್, ಎಫ್.

"ಮಾವ, ಇದನ್ನ ಗುಜರಿಗೆ ಕೊಡಬೇಡಿ. ಇದು 1989ರ ಜೂನ್ ತಿಂಗಳಿನ ಸಾಮಾನು."

"ನಿಂಗೆ ಹೇಗೋ ಗೊತ್ತಾಯ್ತು? ತಂದಿಟ್ಟ ನಮಗೇ ನೆನಪಿಲ್ಲ!"

ಹೇಗೆ ಗೊತ್ತಾಯ್ತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಸೈಕಲ್ ತೋಟಕ್ಕೆ ಬಂದ ಕತೆ ಚಿಕ್ಕದು. ಮಾವನ ಅಣ್ಣ ಇಂಗ್ಲೆಂಡಿನಲ್ಲಿ ಡಾಕ್ಟರಾಗಿದ್ದರು. ಊರಿಗೆ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ಇದನ್ನೂ ಕಳಿಸಿದ್ದರು. ಆಮೇಲೆ ಅವರು ಬೆಂಗಳೂರಿಗೆ ಹೋದರು. ಸೈಕಲ್ ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ ಬಂತು. ಪೋಸ್ಟಾಫೀಸಿಗೆ, ಬ್ಯಾಂಕಿಗೆ ಅವರು ಇದರಲ್ಲೇ ಓಡಾಡುತ್ತಿದ್ದರು. ತುಕ್ಕು ಹಿಡಿಯಬಾರದು ಅಂತ ಹಸಿರು ಪೇಂಟ್ ಹೊಡೆದವರೂ ಅವರೇ. ಮಲೆನಾಡಿನ ಮಳೆ ಕಂಡವರಿಗೆ ಆ ಕಾಳಜಿ ಅರ್ಥ ಆಗುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಮನೆಗಳಲ್ಲಿ ಇಂಥ ಸೈಕಲ್ ಇನ್ನೂ ಇರುತ್ತವೆ. ವಿದೇಶದಲ್ಲಿದ್ದ ನೆಂಟರು ತಂದದ್ದು, ಯಾರೋ ಅತಿಥಿ ಬಿಟ್ಟುಹೋದದ್ದು. ಸಿಕ್ಕವರು ಕೇಳುವುದು ಎರಡೇ ಪ್ರಶ್ನೆ. ಇದು ಯಾವ ಸೈಕಲ್? ಎಷ್ಟು ಬೆಲೆ ಬಾಳುತ್ತೆ? ಮೊದಲನೆಯದಕ್ಕೆ ಉತ್ತರ ಸಿಗದೆ ಎರಡನೆಯದಕ್ಕೆ ಸಿಗುವುದಿಲ್ಲ. ಆದರೆ ಎರಡನ್ನೂ ಬದಿಗಿಟ್ಟು ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದಿದೆ. ಬಣ್ಣ ಹೊಡೆಸಲು ಕೊಡುವುದು.

ಹತ್ತು ವರ್ಷದ ಹಿಂದೆ ನಾನೂ ಅದನ್ನೇ ಮಾಡಿದ್ದೆ. ಗೆಳೆಯನೊಬ್ಬನ ಮನೆಯಲ್ಲಿ ಸಿಕ್ಕ ಸೈಕಲ್ಲನ್ನು ಪೌಡರ್ ಕೋಟಿಂಗ್‌ಗೆ ಕೊಟ್ಟೆ. ಮರಳು ಊದಿ ಎಲ್ಲ ತೆಗೆದರು. ಸ್ಟಿಕ್ಕರ್ ಹೋಯಿತು. ಪೈಪಿನ ಗುರುತು ಹೋಯಿತು. ತಳದಲ್ಲಿ ಕೊರೆದಿದ್ದ ನಂಬರಿನ ಮೇಲೆ ಹೊಸ ಬಣ್ಣ ದಪ್ಪಗೆ ಕೂತಿತು. ನೋಡಲು ಹೊಸದಾಗಿ ಹೊಳೆಯಿತು, ಆದರೆ ಅದು ಏನಾಗಿತ್ತು ಅನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ. ಆ ನೋವು ಇನ್ನೊಬ್ಬರಿಗೆ ಆಗದಿರಲಿ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಮೊದಲು ನೋಡಿ, ಬಣ್ಣ ಆಮೇಲೆ.

ಗುಜರಿಯಿಂದಲೇ ಹುಟ್ಟಿದ ಸೈಕಲ್

ಮೌಂಟನ್ ಬೈಕ್ ಅಂದರೆ ಈಗ ಎಲ್ಲ ಮಕ್ಕಳ ಕೈಯಲ್ಲೂ ಇರುವ ದಪ್ಪ ಟಯರಿನ ಸೈಕಲ್. 50 ವರ್ಷದ ಹಿಂದೆ ಅಂಗಡಿಯಲ್ಲಿ ಇಂಥದ್ದೊಂದು ಇರಲೇ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಟ್ಯಾಮಲ್‌ಪಾಯಸ್ ಅನ್ನುವ ಬೆಟ್ಟ ಇದೆ. ಎತ್ತರ 784 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕಿಂತ ಕಡಿಮೆ. ಅಲ್ಲಿನ ಹುಡುಗರು ಎರಡನೇ ಮಹಾಯುದ್ಧಕ್ಕೂ ಮುಂಚಿನ ಹಳೇ ಸೈಕಲ್‌ಗಳನ್ನು ಹುಡುಕಿ ತಂದು ಬೆಟ್ಟದ ಮಣ್ಣು ದಾರಿಯಲ್ಲಿ ಇಳಿಸುತ್ತಿದ್ದರು. ಅವುಗಳಿಗೆ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಸಲ ಇಳಿದರೆ ಹಬ್ ಒಳಗಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕು. ಹಾಗಾಗಿ ಆ ಕಡೆಯ ಒಂದು ಇಳಿಜಾರಿಗೆ 'ರೀಪ್ಯಾಕ್' ಅಂತಲೇ ಹೆಸರಾಯಿತು. ಅಲ್ಲಿ ಮೊದಲ ರೇಸ್ ನಡೆದದ್ದು 1976ರ ಅಕ್ಟೋಬರ್ 21ರಂದು.

ಆ ಗುಂಪಿನ ಜೋ ಬ್ರೀಜ್ 1977ರಲ್ಲಿ ಬೆಟ್ಟಕ್ಕೆಂದೇ ಹೊಸ ಪೈಪಿನಿಂದ ಫ್ರೇಮ್ ಕಟ್ಟಿದರು. ಆ ಸೈಕಲ್ ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಸೇರಿ ಕಂಪನಿ ಶುರು ಮಾಡಿದರು. ಅವರಿಗೆ ಫ್ರೇಮ್ ಕಟ್ಟಿಕೊಟ್ಟವರು ಟಾಮ್ ರಿಚಿ. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ಜಪಾನ್‌ನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ ಬಂತು. ಬೆಲೆ 750 ಡಾಲರ್. ಕಾರ್ಖಾನೆಯಲ್ಲಿ ರಾಶಿಯಾಗಿ ತಯಾರಾದ ಮೊದಲ ಮೌಂಟನ್ ಬೈಕ್ ಅದು. 1982ರಲ್ಲಿ ಜಪಾನಿನ ಶಿಮಾನೊ ಕಂಪನಿ ಬೆಟ್ಟದ ಸೈಕಲ್‌ಗೆಂದೇ ಡಿಯೋರ್ ಎಕ್ಸ್‌ಟಿ ಬಿಡಿಭಾಗಗಳನ್ನು ತಂದಿತು.

ಅಲ್ಲಿಂದ ಮುಂದೆ ಹೆಚ್ಚುಕಡಿಮೆ 15 ವರ್ಷ ಇದು ಉಕ್ಕಿನ ಕಾಲ. 90ರ ದಶಕದ ನಡುವೆ ಅಲ್ಯುಮಿನಿಯಂ ಫ್ರೇಮು, ಮುಂದೆ ಸ್ಪ್ರಿಂಗ್ ಇರುವ ಸಸ್ಪೆನ್ಷನ್ ಫೋರ್ಕು ಬಂದು ಉಕ್ಕನ್ನು ಪಕ್ಕಕ್ಕೆ ತಳ್ಳಿದವು. ಹಳೇ ಉಕ್ಕಿನ ಮೌಂಟನ್ ಬೈಕ್ ಅಂತ ಈಗ ಜನ ಹುಡುಕುವುದು ಈ 15 ವರ್ಷದ ಸೈಕಲ್‌ಗಳನ್ನು.

ಪೈಪಿನ ದಪ್ಪ ಹೇಳುವ ಮಾತು

ಉಕ್ಕು ಅಂದರೆ ಎಲ್ಲ ಒಂದೇ ಅಲ್ಲ. ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳಲು ನನಗೆ ಒಂಥರಾ ಖುಷಿ. ಕೆಮ್ಮಣ್ಣುಗುಂಡಿಯ ಕೆಂಪು ಮಣ್ಣಿನಿಂದಲೇ ಅಲ್ವಾ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು! ಅದೇ ಕಬ್ಬಿಣಕ್ಕೆ ಏನು ಸೇರಿಸುತ್ತೇವೆ ಅನ್ನುವುದರ ಮೇಲೆ ಅದರ ಗುಣ ಬದಲಾಗುತ್ತದೆ. ಕಡಿಮೆ ಬೆಲೆಯ ಸೈಕಲ್‌ಗೆ ಬಳಸುವುದು ಹೈಟೆನ್ ಅನ್ನುವ ಸಾಮಾನ್ಯ ಉಕ್ಕು. ಒಳ್ಳೆಯದಕ್ಕೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಕ್ರೋಮೋಲಿ.

ಎರಡರ ಸಾಂದ್ರತೆ ಹೆಚ್ಚುಕಡಿಮೆ ಒಂದೇ. ಅಂದರೆ ಒಂದೇ ಅಳತೆಯ ತುಂಡು ತೂಗಿದರೆ ತೂಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಾಗಾದರೆ ಕ್ರೋಮೋಲಿ ಸೈಕಲ್ ಹಗುರ ಹೇಗೆ? ಅದು ಜಾಸ್ತಿ ಗಟ್ಟಿ. ಗಟ್ಟಿ ಇರುವುದರಿಂದ ಪೈಪಿನ ಗೋಡೆಯನ್ನು ತೆಳ್ಳಗೆ ಮಾಡಬಹುದು. ಇನ್ನೂ ಒಳ್ಳೆಯ ಪೈಪಾದರೆ ಬೆಸುಗೆ ಬೀಳುವ ಎರಡು ತುದಿಗಳಲ್ಲಿ ಮಾತ್ರ ದಪ್ಪ ಇಟ್ಟು ನಡುವೆ ತೆಳ್ಳಗೆ ಎಳೆದಿರುತ್ತಾರೆ. ಇದಕ್ಕೆ ಬಟೆಡ್ ಪೈಪ್ ಅಂತಾರೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬೆರಳುಗುರಿನಿಂದ ಪೈಪಿನ ನಡುವೆ ತಟ್ಟಿದರೆ ಟಣ್ ಅನ್ನುತ್ತದೆ. ತುದಿಯಲ್ಲಿ ತಟ್ಟಿದರೆ ಸದ್ದು ಮಂಕು.

ಕಿವಿಯನ್ನು ನಂಬುವುದಕ್ಕಿಂತ ಅಳತೆಯನ್ನು ನಂಬಿ. ಸೀಟ್ ಪಿಲ್ಲರ್ ಹೊರಗೆ ತೆಗೆಯಿರಿ. ಅದರ ಮೇಲೆ ಅಳತೆ ಕೊರೆದಿರುತ್ತದೆ. ಇಲ್ಲದಿದ್ದರೆ ವರ್ನಿಯರ್ ಹಿಡಿದು ಅಳೆಯಿರಿ. ಆ ಕಾಲದ ಹೆಚ್ಚಿನ ಉಕ್ಕಿನ ಫ್ರೇಮುಗಳಲ್ಲಿ ಸೀಟ್ ಪೈಪಿನ ಹೊರ ಅಳತೆ 28.6 ಮಿಲಿಮೀಟರ್. ಪಿಲ್ಲರ್ 27.2 ಇದ್ದರೆ ಪೈಪಿನ ಗೋಡೆ 0.7 ಮಿಲಿಮೀಟರ್ ಆಸುಪಾಸು ಅಂತ ಲೆಕ್ಕ ಬಂತು. ಅಷ್ಟು ತೆಳ್ಳಗಿನ ಗೋಡೆ ಅಂದರೆ ಒಳ್ಳೆಯ ಉಕ್ಕು. ಪಿಲ್ಲರ್ 25.4 ಇದ್ದರೆ ಗೋಡೆ 1.6. ಅದು ಬಹುಪಾಲು ಹೈಟೆನ್. ನಡುವಿನ 26.4, 26.8 ಬಂದರೆ ಇದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ಬೆಟ್ಟದ ಸೈಕಲ್‌ಗೆ ಬೇಕೆಂದೇ ಸ್ವಲ್ಪ ದಪ್ಪ ಪೈಪ್ ಹಾಕಿದ್ದೂ ಉಂಟು. ಮಾವನ ಸೈಕಲ್‌ನದು 27.0 ಬಂತು. ನಾನು ಅಲ್ಲೇ ಕಣದ ಕಟ್ಟೆ ಮೇಲೆ ಕೂತು ಮತ್ತೊಂದು ಸಲ ಅಳೆದೆ.

ಪೈಪಿನ ಸ್ಟಿಕ್ಕರ್ ಉಳಿದಿದ್ದರೆ ಕೆಲಸ ಸುಲಭ. ಸಾಮಾನ್ಯವಾಗಿ ಸೀಟ್ ಪೈಪಿನ ಮೇಲೆ, ಫೋರ್ಕಿನ ಕಾಲಿನ ಮೇಲೆ ಚಿಕ್ಕದಾಗಿ ಇರುತ್ತದೆ. ಟಾಂಗೆ ಜಪಾನಿನದು, ಕೊಲಂಬಸ್ ಇಟಲಿಯದು, ರೆನಾಲ್ಡ್ಸ್ ಇಂಗ್ಲೆಂಡಿನದು, ಟ್ರೂ ಟೆಂಪರ್ ಅಮೆರಿಕದ್ದು. ಸ್ಟಿಕ್ಕರನ್ನು ಪೂರ್ತಿ ಓದಿ. ಮುಖ್ಯವಾದ ಮೂರು ಪೈಪು ಮಾತ್ರ ಕ್ರೋಮೋಲಿ, ಹಿಂದಿನ ಸಣ್ಣ ಪೈಪುಗಳು, ಫೋರ್ಕು ಹೈಟೆನ್ ಅಂತ ಒಪ್ಪಿಕೊಂಡಿರುವ ಸ್ಟಿಕ್ಕರ್‌ಗಳಿವೆ. ಅಂಥ ಸೈಕಲ್ ಕೆಟ್ಟದ್ದಲ್ಲ, ಆದರೆ ಒಂದು ಮೆಟ್ಟಿಲು ಕೆಳಗೆ.

ಸ್ಟಿಕ್ಕರ್ ಇಲ್ಲವಾ? ಹಿಂದಿನ ಚಕ್ರದ ಆಕ್ಸಲ್ ಕೂರುವ ಜಾಗ ನೋಡಿ. ಡ್ರಾಪ್‌ಔಟ್ ಅಂತಾರೆ. ನನಗೆ ಸೈಕಲ್‌ನಲ್ಲಿ ಅತಿ ಇಷ್ಟದ ಜಾಗ ಇದು, ಯಾಕೆಂದರೆ ಇಲ್ಲಿ ಯಾರೂ ಶೋಕಿ ಮಾಡುವುದಿಲ್ಲ. ತೆಳು ತಗಡನ್ನು ಕತ್ತರಿಸಿ, ಪೈಪಿನ ತುದಿಯನ್ನು ಚಪ್ಪಟೆ ಬಡಿದು ಅಂಟಿಸಿದ್ದರೆ ಅದು ಅಗ್ಗದ ಫ್ರೇಮ್. ದಪ್ಪಗೆ, ಕಾಯಿಸಿ ಬಡಿದು ಮಾಡಿದ ತುಂಡು ಇದ್ದು, ಡಿರೇಲರ್ ತೂಗುವ ಕಿವಿ ಅದರದ್ದೇ ಭಾಗವಾಗಿದ್ದರೆ ಒಳ್ಳೆಯ ಫ್ರೇಮ್. ಡಿರೇಲರನ್ನು ಬೇರೆ ತಗಡಿನ ತುಂಡಿಗೆ ಸಿಕ್ಕಿಸಿ ಆಕ್ಸಲ್ ಜೊತೆ ಬೋಲ್ಟ್ ಮಾಡಿದ್ದರೆ ಫ್ರೇಮಿನ ಮೇಲೆ ದುಡ್ಡು ಉಳಿಸಿದ್ದಾರೆ ಅಂತ ಅರ್ಥ.

ಬೆಸುಗೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ನಮ್ಮ ಹಳೇ ಹರ್ಕ್ಯುಲಿಸ್, ಅಟ್ಲಾಸ್ ಸೈಕಲ್‌ಗಳಲ್ಲಿ ಪೈಪು ಸೇರುವ ಕಡೆ ತೋಳು ತೊಡಿಸಿದ ಹಾಗೆ ಲಗ್ ಇರುತ್ತದೆ. ಲಗ್ ಇಲ್ಲದೆ ನೇರ ವೆಲ್ಡ್ ಮಾಡಿದ್ದರೆ ಅದು ಕಡಿಮೆ ದರ್ಜೆ ಅಂತ ಹಲವರು ಅಂದುಕೊಳ್ಳುತ್ತಾರೆ. ಬೆಟ್ಟದ ಸೈಕಲ್ ಮಟ್ಟಿಗೆ ಅದು ನಿಜವಲ್ಲ. ಬಹಳ ಒಳ್ಳೆಯ ಫ್ರೇಮುಗಳೂ ಟಿಗ್ ವೆಲ್ಡ್ ಆದವೇ. ವೆಲ್ಡ್ ಇದೆಯಾ ಅನ್ನುವುದಕ್ಕಿಂತ ವೆಲ್ಡ್ ಹೇಗಿದೆ ಅನ್ನುವುದು ಮುಖ್ಯ. ನಾಣ್ಯಗಳನ್ನು ಸಾಲಾಗಿ ಒರಗಿಸಿಟ್ಟ ಹಾಗೆ ಒಂದೇ ಸಮ ಇರಬೇಕು.

ಅಕ್ಷರಗಳಲ್ಲಿ ಅಡಗಿದ ತಾರೀಖು

ಈಗ ಆ ಎನ್, ಎಫ್ ವಿಷಯಕ್ಕೆ ಬರುತ್ತೇನೆ. ಶಿಮಾನೊ ತನ್ನ ಬಿಡಿಭಾಗಗಳ ಒಳಮೈಯಲ್ಲಿ ಎರಡು ಅಕ್ಷರ ಒತ್ತುತ್ತಿತ್ತು. ಮೊದಲನೆಯದು ವರ್ಷ, ಎರಡನೆಯದು ತಿಂಗಳು. 1976ಕ್ಕೆ ಎ, 1977ಕ್ಕೆ ಬಿ, ಹೀಗೆ ಸಾಗಿ 2001ಕ್ಕೆ ಝಡ್. ತಿಂಗಳು ಜನವರಿಗೆ ಎ, ಡಿಸೆಂಬರ್‌ಗೆ ಎಲ್. ಹಾಗಾಗಿ ಎನ್ ಅಂದರೆ 1989, ಎಫ್ ಅಂದರೆ ಜೂನ್. 2002ಕ್ಕೆ ಮತ್ತೆ ಎ ಶುರುವಾಯಿತು. ಆದರೆ 2002ರ ನಂತರದ ಭಾಗಕ್ಕೂ 70, 80ರ ದಶಕದ್ದಕ್ಕೂ ರೂಪದಲ್ಲೇ ಎಷ್ಟೋ ವ್ಯತ್ಯಾಸ, ಗೊಂದಲ ಆಗುವುದಿಲ್ಲ.

ಒಂದು ಭಾಗ ನೋಡಿ ನಿಲ್ಲಬೇಡಿ. ಡಿರೇಲರ್ ಹಿಂಭಾಗ, ಪೆಡಲ್ ತಿರುಗುವ ಕ್ರ್ಯಾಂಕಿನ ಒಳಬದಿ, ಬ್ರೇಕ್ ಭಾಗಗಳ ಹಿಂಬದಿ, ಎಲ್ಲ ಕಡೆ ಹುಡುಕಿ ಬರೆದಿಡಿ. ನಾಲ್ಕೈದು ಭಾಗಗಳು ಒಂದೆರಡು ತಿಂಗಳ ಅಂತರದಲ್ಲಿ ಬಂದರೆ ಸೈಕಲ್ ಕಾರ್ಖಾನೆಯಿಂದ ಬಂದ ಹಾಗೇ ಇದೆ ಅಂತ ಅರ್ಥ. ಒಂದು ಮಾತ್ರ ಐದು ವರ್ಷ ಹೊಸದಾಗಿದ್ದರೆ ಅದನ್ನು ಆಮೇಲೆ ಹಾಕಿದ್ದಾರೆ. ಮಾವನ ಸೈಕಲ್‌ನಲ್ಲಿ ಕ್ರ್ಯಾಂಕ್ ಎನ್‌ಇ, ಡಿರೇಲರ್ ಎನ್‌ಎಫ್, ಬ್ರೇಕ್ ಎನ್‌ಎಫ್. ಮೇ, ಜೂನ್, ಜೂನ್. ಬಿಡಿಭಾಗ ಮೊದಲು ತಯಾರಾಗಿ ಆಮೇಲೆ ಸೈಕಲ್ ಜೋಡಣೆ ಆಗುವುದರಿಂದ, ಇದು 1989ರ ಕೊನೆಯಲ್ಲೋ 1990ರ ಮಾಡೆಲ್ ಆಗಿಯೋ ಅಂಗಡಿಗೆ ಬಂದಿರಬೇಕು.

ಅಕ್ಷರ ಸವೆದುಹೋಗಿದ್ದರೂ ಭಾಗಗಳ ರೂಪವೇ ಕಾಲವನ್ನು ಹೇಳುತ್ತದೆ. ಹ್ಯಾಂಡಲ್ ಮೇಲೆ ಹೆಬ್ಬೆರಳಿನಿಂದ ತಳ್ಳುವ ಗೇರ್ ಲಿವರ್ ಇದ್ದರೆ 80ರ ದಶಕ. ಹ್ಯಾಂಡಲ್ ಕೆಳಗೆ ಒತ್ತುವ ಗುಂಡಿಯಂಥ ಲಿವರ್ ಬಂದದ್ದು 1990ರ ಆಸುಪಾಸು. ಮುಂದಿನ ಚೈನ್ ವೀಲ್ ಪೂರ್ತಿ ದುಂಡಗಿಲ್ಲದೆ ಸ್ವಲ್ಪ ಮೊಟ್ಟೆಯಾಕಾರ ಇದ್ದು ಬಯೋಪೇಸ್ ಅಂತ ಬರೆದಿದ್ದರೆ 80ರ ದಶಕದ ಕೊನೆಯ ಗುರುತು. ಹಿಂದಿನ ಬ್ರೇಕು ಬಿಬಿಯ (ಬಾಟಮ್ ಬ್ರ್ಯಾಕೆಟ್, ಕ್ರ್ಯಾಂಕಿನ ಆಕ್ಸಲ್ ತಿರುಗುವ ಫ್ರೇಮಿನ ತಳದ ಜಾಗ) ಹಿಂದೆ, ಕೆಳಗಿನ ಪೈಪುಗಳ ಅಡಿಯಲ್ಲಿ ಅವಿತಿದ್ದರೆ 1986ರಿಂದ 1989ರ ನಡುವಿನದು. ಆ ಜಾಗದಲ್ಲಿ ಕೆಸರು ಕಚ್ಚಿಕೊಳ್ಳುತ್ತಿದ್ದರಿಂದ ಬೇಗ ಬಿಟ್ಟುಬಿಟ್ಟರು. ಉದ್ದ ಕೈಯ ವಿ ಬ್ರೇಕ್ ಬಂದದ್ದು 1996ರ ಹೊತ್ತಿಗೆ. ಅದಕ್ಕೂ ಮುಂಚೆ ನಡುವೆ ತಂತಿ ಎಳೆದು ಹಿಡಿಯುವ ಕ್ಯಾಂಟಿಲಿವರ್.

ಹಿಂದಿನ ಎರಡು ಡ್ರಾಪ್‌ಔಟ್‌ಗಳ ನಡುವಿನ ಒಳ ಅಂತರವನ್ನೂ ಅಳೆಯಿರಿ. ಸುಮ್ನೆ ಸ್ಕೇಲ್ ಸಾಕು. 126 ಮಿಲಿಮೀಟರ್ ಇದ್ದರೆ ಬಹಳ ಮೊದಲಿನದು. 130 ಇದ್ದರೆ 80ರ ದಶಕದ ನಡು ಮತ್ತು ಕೊನೆ. 135 ಇದ್ದರೆ ಅದರ ಮುಂದಿನದು. ಮಾವನದು 130.

ಇನ್ನು ಸೀರಿಯಲ್ ನಂಬರ್. ಸೈಕಲ್ಲನ್ನು ತಲೆಕೆಳಗು ಮಾಡಿದರೆ ಬಿಬಿಯ ತಳದಲ್ಲಿ ಕೊರೆದಿರುತ್ತದೆ. ಇದರಿಂದಲೇ ಎಲ್ಲ ಗೊತ್ತಾಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ, ಒಂದೇ ಕಂಪನಿಯಲ್ಲೂ ಕಾರ್ಖಾನೆ ಬದಲಾದರೆ ಲೆಕ್ಕ ಬದಲಾಗುತ್ತದೆ. ಕಂಪನಿ ಯಾವುದು ಅಂತ ಗೊತ್ತಾದ ಮೇಲೆ ಮಾತ್ರ ನಂಬರ್ ಉಪಯೋಗಕ್ಕೆ ಬರುತ್ತದೆ. ಫೋಟೋ ತೆಗೆದಿಡಿ ಸಾಕು.

ಎಲ್ಲಿ ತಯಾರಾಯಿತು ಅನ್ನುವ ಚಿಕ್ಕ ಸ್ಟಿಕ್ಕರ್ ಇದಕ್ಕಿಂತ ಜಾಸ್ತಿ ಹೇಳುತ್ತದೆ. 1985ರಲ್ಲಿ ಅಮೆರಿಕ, ಜಪಾನ್ ಮತ್ತಿತರ ದೇಶಗಳು ಹಣದ ವಿನಿಮಯ ದರದ ಬಗ್ಗೆ ಮಾಡಿಕೊಂಡ ಪ್ಲಾಜಾ ಒಪ್ಪಂದದ ನಂತರ ಜಪಾನಿನ ಯೆನ್ ದುಬಾರಿಯಾಯಿತು. ಹಾಗಾಗಿ ಸೈಕಲ್ ಕೆಲಸ ನಿಧಾನವಾಗಿ ಜಪಾನ್ ಬಿಟ್ಟು ತೈವಾನಿಗೆ ಹೋಯಿತು. ಜೈಂಟ್, ಮೆರಿಡಾ ಎರಡೂ 1972ರಲ್ಲಿ ಶುರುವಾದ ತೈವಾನ್ ಕಂಪನಿಗಳು. ಬೇರೆಯವರ ಹೆಸರಿನಲ್ಲಿ ಲಕ್ಷಗಟ್ಟಲೆ ಫ್ರೇಮ್ ಮಾಡಿಕೊಟ್ಟವರು. ತೈವಾನ್ ಅಂದರೆ ಕಡಿಮೆ ಅಂತ ತಿಳಿಯಬೇಡಿ. ಆದರೆ ಜಪಾನ್ ಅಂತ ಇದ್ದರೆ ಬಹುಪಾಲು 90ರ ದಶಕದ ಆರಂಭಕ್ಕಿಂತ ಹಿಂದಿನದು ಅಂತ ಅಂದಾಜು ಮಾಡಬಹುದು.

ಹಸಿರಿನ ಕೆಳಗಿನ ನರಿ ಹೆಜ್ಜೆ

ವರ್ಷ ಸಿಕ್ಕಿತು, ಉಕ್ಕು ಒಳ್ಳೆಯದು ಅಂತ ಗೊತ್ತಾಯಿತು. ಹೆಸರು ಮಾತ್ರ ಹಸಿರು ಪೇಂಟಿನ ಕೆಳಗೆ. ಥಿನ್ನರ್ ಹಾಕಿದರೆ ಕೆಳಗಿನ ಮೂಲ ಬಣ್ಣವೂ ಕರಗುತ್ತದೆ. ನಮ್ಮ ಅದೃಷ್ಟಕ್ಕೆ ರೈಟರ್ ಪೇಂಟ್ ಹೊಡೆಯುವ ಮುಂಚೆ ಉಪ್ಪುಕಾಗದ ಉಜ್ಜಿರಲಿಲ್ಲ. ನುಣುಪು ಮೈ ಮೇಲೆ ಬಳಿದ ಆಯಿಲ್ ಪೇಂಟ್ ಗಟ್ಟಿಯಾಗಿ ಹಿಡಿಯುವುದಿಲ್ಲ. ಬಿಸಿನೀರಿನ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟೆ. ಪ್ಲಾಸ್ಟಿಕ್ ಸ್ಕೇಲಿನ ಅಂಚಿನಿಂದ ಮೆಲ್ಲಗೆ ಎಬ್ಬಿಸಿದೆ. ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಕೆಳಗೆ ನೇರಳೆ ಬಣ್ಣ.

ದೊಡ್ಡ ಸ್ಟಿಕ್ಕರ್‌ಗಳನ್ನು ಯಾರೋ ಮೊದಲೇ ಕಿತ್ತಿದ್ದರು. ಆದರೆ ಬಿಸಿಲಿಗೆ ಬಣ್ಣ ಮಂಕಾಗುವಾಗ ಸ್ಟಿಕ್ಕರ್ ಕೆಳಗಿನ ಜಾಗ ಮಂಕಾಗಿರುವುದಿಲ್ಲ. ಸ್ಟಿಕ್ಕರ್ ಹೋದರೂ ಅದರ ನೆರಳು ಉಳಿಯುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪೈಪಿನ ಪಕ್ಕಕ್ಕೆ ಓರೆಯಾಗಿ ಹಿಡಿದೆ. ಮೇಲಿನ ಪೈಪಿನ ಉದ್ದಕ್ಕೂ ಪುಟ್ಟ ಪುಟ್ಟ ಪಂಜದ ಗುರುತು ಕಂಡವು. ಪ್ರಾಣಿಯೊಂದು ನಡೆದುಹೋದ ಹಾಗೆ. ಇಂಗ್ಲೆಂಡಿನ ಮಡ್ಡಿ ಫಾಕ್ಸ್ ಕಂಪನಿಯ ಗುರುತು ಅದು. 80ರ ದಶಕದಲ್ಲಿ ಆ ದೇಶದಲ್ಲಿ ಮೌಂಟನ್ ಬೈಕ್ ಅಂದರೆ ಮೊದಲು ನೆನಪಾಗುತ್ತಿದ್ದ ಹೆಸರುಗಳಲ್ಲಿ ಒಂದು. ಆಗಿನ ಅದರ ಒಳ್ಳೆಯ ಮಾಡೆಲ್‌ಗಳ ಫ್ರೇಮ್ ಜಪಾನಿನಲ್ಲಿ ತಯಾರಾಗುತ್ತಿದ್ದವು. ಸೀಟ್ ಪೈಪಿನ ಮೇಲೆ ಟಾಂಗೆ ಸ್ಟಿಕ್ಕರಿನ ಅರ್ಧ ತುಂಡೂ ಸಿಕ್ಕಿತು. ಎಲ್ಲ ಒಂದಕ್ಕೊಂದು ತಾಳೆಯಾಯಿತು.

ಇಲ್ಲೊಂದು ಎಚ್ಚರಿಕೆ. ಹೆಸರು ಉಳಿದು ಸೈಕಲ್ ಬದಲಾಗಬಹುದು. ಮಡ್ಡಿ ಫಾಕ್ಸ್ ಹೆಸರು ಆಮೇಲೆ ಕೈಬದಲಾಗಿ ಕಡಿಮೆ ಬೆಲೆಯ ಸೈಕಲ್‌ಗಳ ಮೇಲೆ ಬರತೊಡಗಿತು. ಶ್ವಿನ್, ಮಂಗೂಸ್ ಹೆಸರುಗಳ ಕತೆಯೂ ಅದೇ. ಹಾಗಾಗಿ ಹೆಸರನ್ನು ಕೊನೆಗೆ ನೋಡಿ. ಪೈಪು, ಡ್ರಾಪ್‌ಔಟ್, ಅಕ್ಷರ ಎಲ್ಲ ಹೇಳಿದ್ದಕ್ಕೆ ಹೆಸರು ಹೊಂದುತ್ತದಾ ಅಂತ ಪರೀಕ್ಷಿಸಿ.

ನಮ್ಮ ದೇಶದ ಸೈಕಲ್‌ಗಳನ್ನು ಇದರ ಜೊತೆ ಬೆರೆಸಬೇಡಿ. 90ರ ದಶಕದಲ್ಲಿ ಬೆಳೆದವರಿಗೆ ಹೀರೋ ರೇಂಜರ್ ಗೊತ್ತೇ ಇದೆ. ನೇರ ಹ್ಯಾಂಡಲ್, ದಪ್ಪ ಟಯರು, ದೂರದಿಂದ ಥೇಟ್ ಮೌಂಟನ್ ಬೈಕ್. ಆದರೆ ಒಳಗೆ ಹೈಟೆನ್ ಉಕ್ಕು. ಕ್ರ್ಯಾಂಕನ್ನು ಬಿಬಿ ಆಕ್ಸಲ್‌ಗೆ ಕಾಟರ್ ಪಿನ್ ಹೊಡೆದು ಕೂರಿಸಿದ್ದರೆ ಅದು ನಮ್ಮಲ್ಲಿನ ಕಟ್ಟುವ ರೀತಿ. ಅಲ್ಯುಮಿನಿಯಂ ಕ್ರ್ಯಾಂಕ್ ಇದ್ದು, ನಡುವೆ ಬೋಲ್ಟು, ಮೂರು ಚೈನ್ ವೀಲನ್ನು ಬಿಚ್ಚಿ ಬದಲಾಯಿಸಲು ಬರುವ ಹಾಗಿದ್ದರೆ ನಾವು ಮಾತಾಡುತ್ತಿರುವ ಜಾತಿ. ರೇಂಜರ್‌ಗೆ ಬೆಲೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. 1951ರಲ್ಲಿ ಶುರುವಾದ ಅಟ್ಲಾಸ್ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೊನೆಯ ಕಾರ್ಖಾನೆ ನಿಲ್ಲಿಸಿದಾಗ ಎಷ್ಟು ಜನ ಬೇಜಾರು ಮಾಡಿಕೊಂಡರು ನೆನಪಿದೆಯಲ್ಲ. ಅದು ನೆನಪಿನ ಬೆಲೆ. ಈ ಲೆಕ್ಕದಲ್ಲಿ ಬರುವುದಿಲ್ಲ, ಅಷ್ಟೇ.

ಮಲೆನಾಡಿನಲ್ಲಿ ಸಿಕ್ಕ ಸೈಕಲ್ ಅಂದರೆ

ಬೆಲೆ ಕಟ್ಟುವ ಮುಂಚೆ ಆರೋಗ್ಯ ನೋಡಬೇಕು. ನಮ್ಮ ಕಡೆ ಉಕ್ಕಿನ ದೊಡ್ಡ ಶತ್ರು ಹೊರಗಿನ ತುಕ್ಕಲ್ಲ, ಒಳಗಿನದು. ಸೀಟ್ ಪಿಲ್ಲರ್ ಪಕ್ಕದಿಂದ ಮಳೆನೀರು ಇಳಿಯುತ್ತದೆ. ಇಳಿದು ಬಿಬಿಯಲ್ಲಿ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋದಾಮಿನ ತೇವದಲ್ಲಿ ಅದು ಒಣಗುವುದೇ ಇಲ್ಲ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಪೈಪು ತಿಂದುಹೋಗಿರಬಹುದು. ಪಿಲ್ಲರ್ ತೆಗೆದು ಟಾರ್ಚ್ ಬಿಟ್ಟು ನೋಡಿ. ಕಂದು ಪುಡಿ ಉದುರಿದರೆ ತೊಂದರೆ ಇಲ್ಲ. ಪದರ ಪದರವಾಗಿ ಚಕ್ಕೆ ಬಿದ್ದರೆ ಯೋಚನೆ ಮಾಡಬೇಕು. ಬಿಬಿಯ ಹತ್ತಿರ ಬಣ್ಣ ಗುಳ್ಳೆ ಎದ್ದಿದ್ದರೆ ಆ ಜಾಗವನ್ನು ಬೆರಳಿಂದ ಒತ್ತಿ ನೋಡಿ.

ಪಿಲ್ಲರ್ ಹೊರಗೆ ಬರದಿದ್ದರೆ? ಅಲ್ಯುಮಿನಿಯಂ ಪಿಲ್ಲರು, ಉಕ್ಕಿನ ಪೈಪು, ನಡುವೆ ನೀರು. ಎರಡು ಲೋಹ ಸೇರಿ ಬೆಸೆದ ಹಾಗೆ ಕಚ್ಚಿಕೊಳ್ಳುತ್ತವೆ. ಎಣ್ಣೆ ಬಿಟ್ಟು ನಾಲ್ಕೈದು ದಿನ ಕಾಯಿರಿ. ಸುತ್ತಿಗೆಯಿಂದ ಹೊಡೆಯಬೇಡಿ. ಅದು ಬರಲೇ ಇಲ್ಲ ಅಂದರೆ ಸೈಕಲ್ ಬೆಲೆ ಅರ್ಧಕ್ಕೆ ಇಳಿಯಿತು ಅಂತ ನನ್ನ ಲೆಕ್ಕ. ಎತ್ತರ ಬದಲಿಸಲು ಆಗುವುದಿಲ್ಲ, ಒಳಗೆ ಏನಾಗಿದೆ ಅಂತ ನೋಡಲೂ ಆಗುವುದಿಲ್ಲ.

ಮುಂದಿನಿಂದ ಗುದ್ದಿದ ಫ್ರೇಮನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಹಿಡಿಯುತ್ತದೆ. ಕೆಳಗಿನ ದೊಡ್ಡ ಪೈಪು ಹ್ಯಾಂಡಲ್ ಕೆಳಗಿನ ಪೈಪಿಗೆ ಸೇರುವ ಕಡೆ, ಅಡಿಭಾಗದಲ್ಲಿ, ಬೆರಳು ಸವರಿ. ಅಲೆಯಂಥ ಉಬ್ಬು ಸಿಕ್ಕರೆ ಅದು ಗುದ್ದಿದ ಸೈಕಲ್. ಫ್ರೇಮ್ ನೇರ ಇದೆಯಾ ಅಂತ ನೋಡಲು ಒಂದು ದಾರ ಸಾಕು. ಹಿಂದಿನ ಒಂದು ಡ್ರಾಪ್‌ಔಟ್‌ಗೆ ಕಟ್ಟಿ, ಹ್ಯಾಂಡಲ್ ಕೆಳಗಿನ ಪೈಪನ್ನು ಬಳಸಿ, ಇನ್ನೊಂದು ಡ್ರಾಪ್‌ಔಟ್‌ಗೆ ಬಿಗಿಯಾಗಿ ತನ್ನಿ. ಸೀಟ್ ಪೈಪಿಗೂ ದಾರಕ್ಕೂ ಇರುವ ಅಂತರ ಎರಡೂ ಕಡೆ ಒಂದೇ ಇರಬೇಕು. ಒಂದು ಆಯಸ್ಕಾಂತವೂ ಜೇಬಿನಲ್ಲಿರಲಿ. ಬಣ್ಣದ ಕೆಳಗೆ ಪುಟ್ಟಿ ತುಂಬಿದ ಕಡೆ ಅದು ಹಿಡಿಯುವುದಿಲ್ಲ.

ಟಯರಿನ ವಿಷಯ ಬೇಗ ಹೇಳಿಬಿಡುತ್ತೇನೆ, ಇದರಲ್ಲಿ ತುಂಬಾ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಅಂಗಡಿಯಲ್ಲಿ 26 ಇಂಚು ಅಂತ ಕೇಳಿದರೆ ಎರಡು ಥರ ಬರಬಹುದು. 26×1.95ರ ಹಾಗೆ ದಶಮಾಂಶದಲ್ಲಿ ಬರೆದದ್ದು ಮೌಂಟನ್ ಬೈಕಿನದು, ಒಳ ಅಳತೆ 559. 26×1⅜ ಅಂತ ಭಿನ್ನರಾಶಿಯಲ್ಲಿ ಬರೆದದ್ದು ಬೇರೆ ಸೈಕಲ್‌ನದು, ಒಳ ಅಳತೆ 590. ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. 559ರ ಟಯರು ಚಿಕ್ಕಮಗಳೂರಿನ ಸೈಕಲ್ ಶಾಪುಗಳಲ್ಲೂ ಸಿಗುತ್ತದೆ. ಅದು ಈ ಸೈಕಲ್‌ಗಳ ದೊಡ್ಡ ಅದೃಷ್ಟ.

ಈಗ ದುಡ್ಡಿನ ಮಾತು

ಒಂದೇ ಸೈಕಲ್‌ಗೆ ಮೂರು ಜನ ಮೂರು ಬೆಲೆ ಹೇಳುತ್ತಾರೆ, ಮೂವರೂ ಸರಿಯೇ. ಗುಜರಿಯವನಿಗೆ ಅದು ಕಬ್ಬಿಣ, ತೂಕಕ್ಕಿಷ್ಟು. ಓಡಿಸುವವನಿಗೆ ಅದು ವಾಹನ, ಹೊಸದಾಗಿ ಇಷ್ಟು ಒಳ್ಳೆಯ ಉಕ್ಕಿನ ಸೈಕಲ್ ಕೊಳ್ಳಲು ಎಷ್ಟಾಗುತ್ತೆ ಅನ್ನುವುದು ಅವನ ಅಳತೆ. ಸಂಗ್ರಹ ಮಾಡುವವನಿಗೆ ಅದು ಚರಿತ್ರೆಯ ತುಂಡು. ಮೂರನೆಯವನು ಎಲ್ಲ ಸೈಕಲ್‌ಗೂ ಬರುವುದಿಲ್ಲ. ಜೋ ಬ್ರೀಜ್ ಅವರ ಶುರುವಿನ ಬ್ರೀಜರ್, ಟಾಮ್ ರಿಚಿ ಕೈಯಿಂದ ಕಟ್ಟಿದ್ದು, ಮೊದಲ ವರ್ಷಗಳ ಸ್ಟಂಪ್‌ಜಂಪರ್, ಫ್ಯಾಟ್ ಚಾನ್ಸ್, ಉಕ್ಕಿನ ಯೇಟಿ, ಬ್ರಿಜ್‌ಸ್ಟೋನ್ ಎಂಬಿ-1, ಇಂಥವುಗಳಿಗೆ ಅವನು ಬರುತ್ತಾನೆ. ಹಳೇದು ಅಂದ ಮಾತ್ರಕ್ಕೆ ಅಪರೂಪ ಅಲ್ಲ. ಒಳ್ಳೆಯ ಸೈಕಲ್ ಆಗಿದ್ದೂ ರಾಶಿಯಾಗಿ ತಯಾರಾದವೇ ಜಾಸ್ತಿ. ಮಾವನ ಸೈಕಲ್ ಅಂಥದ್ದು.

ಬೆಲೆ ಹುಡುಕುವಾಗ ಯಾರೋ ಕೇಳಿದ ಬೆಲೆಯನ್ನು ನೋಡಬೇಡಿ. ಒಎಲ್‌ಎಕ್ಸ್‌ನಲ್ಲಿ ಯಾರು ಎಷ್ಟು ಬೇಕಾದರೂ ಕೇಳಬಹುದು. ನಿಜವಾಗಿ ಮಾರಾಟವಾದದ್ದು ಎಷ್ಟಕ್ಕೆ ಅನ್ನುವುದು ಮುಖ್ಯ. ಇಬೇಯಲ್ಲಿ ಮಾರಾಟವಾದವುಗಳನ್ನು ಮಾತ್ರ ಬೇರೆ ಮಾಡಿ ನೋಡಬಹುದು. ಆದರೆ ಲಂಡನ್ನಿನ ಬೆಲೆಯನ್ನು ರೂಪಾಯಿಗೆ ಗುಣಿಸಿ ಆಲ್ದೂರಿಗೆ ತರಬೇಡಿ. ಅಲ್ಲಿ ಕೊಳ್ಳುವವರಿದ್ದಾರೆ, ಕಳಿಸುವ ಖರ್ಚು ಸೈಕಲ್ ಬೆಲೆಯನ್ನೇ ನುಂಗುತ್ತದೆ. ನಮ್ಮ ಮಾರುಕಟ್ಟೆ ಅಂದರೆ ಹೆಚ್ಚಾಗಿ ಬೆಂಗಳೂರು. ಉಕ್ಕಿನ ಸೈಕಲ್‌ನಲ್ಲಿ ದೂರ ಪ್ರಯಾಣ ಮಾಡುವ ಆಸೆಯವರು ಅಲ್ಲಿದ್ದಾರೆ. ಫ್ರೇಮ್ ಅಳತೆಯೂ ಲೆಕ್ಕಕ್ಕೆ ಬರುತ್ತದೆ. 16ರಿಂದ 18 ಇಂಚಿನ ಫ್ರೇಮು ನಮ್ಮವರ ಎತ್ತರಕ್ಕೆ ಹೊಂದುತ್ತದೆ. 21 ಇಂಚಿನದ್ದಕ್ಕೆ ಗಿರಾಕಿ ಕಡಿಮೆ.

ಮಾವನಿಗೆ ನಾನು ಕೊಟ್ಟ ಲೆಕ್ಕ ಹೀಗಿತ್ತು. ಓಡುವ ಸ್ಥಿತಿಯಲ್ಲಿ, ಮೂಲ ಭಾಗಗಳ ಜೊತೆ, ಬೆಂಗಳೂರಿನಲ್ಲಿ 12ರಿಂದ 15 ಸಾವಿರ ಕೊಡುವವರು ಸಿಗಬಹುದು. ಆ ಸ್ಥಿತಿಗೆ ತರಲು ಟಯರು, ಟ್ಯೂಬು, ಕೇಬಲ್, ಬ್ರೇಕ್ ಶೂ, ಚೈನು, ಬಾಲು, ಗ್ರೀಸು, ಸೀಟು ಸೇರಿ 3,600 ರೂಪಾಯಿ. ನನ್ನ ಮೂರು ಭಾನುವಾರ ಬೇರೆ. ಹಾಗಾಗಿ ಇದ್ದ ಹಾಗೇ ಮಾರಿದರೆ 6ರಿಂದ 7 ಸಾವಿರ ನ್ಯಾಯವಾದ ಬೆಲೆ. ಭಾಗಗಳನ್ನು ಬಿಚ್ಚಿ ಒಂದೊಂದಾಗಿ ಮಾರಿದರೆ ಸ್ವಲ್ಪ ಜಾಸ್ತಿಯೇ ಸಿಗಬಹುದು. ಅದನ್ನು ಹೇಳಲು ನನಗೆ ಮನಸ್ಸಿರಲಿಲ್ಲ, ಆದರೂ ಹೇಳಿದೆ. ಬೆಲೆ ಕೇಳಿದವರಿಗೆ ಪೂರ್ತಿ ಲೆಕ್ಕ ಕೊಡಬೇಕು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಬೆಂಗಳೂರಿಗೆ ಫೋನ್ ಮಾಡಿದರು. "ಅಣ್ಣ, ನಿನ್ನ ಸೈಕಲ್ ಸಿಕ್ತು. ಮಾರಲಾ?" ಆ ಕಡೆಯಿಂದ ಡಾಕ್ಟರ್ ದೊಡ್ಡಮಾವ ಮೊದಲು ಕೇಳಿದ್ದು, "ನರಿ ಹೆಜ್ಜೆ ಇನ್ನೂ ಇದೆಯೇನೋ?" ಅಂತ. ಯಾರೂ ನರಿಯ ಸುದ್ದಿ ಎತ್ತಿರಲಿಲ್ಲ. ನನ್ನ ಟಾರ್ಚಿಗೆ ಕಂಡದ್ದು ಸರಿ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮಾರಲಿಲ್ಲ. ಮೂರು ಭಾನುವಾರ ಐದಾದವು. ಈಗ ಬಲಗಡೆ ಪೂರ್ತಿ ನೇರಳೆ, ಎಡಗಡೆ ಇನ್ನೂ ಗೇಟಿನ ಹಸಿರು. ಎಡಗಡೆಯದನ್ನೂ ಎಬ್ಬಿಸಲಾ ಅಂತ ಕೇಳಿದೆ. "ಅದು ರೈಟರ್ ಹೊಡೆದ ಬಣ್ಣ, ಇರಲಿ ಬಿಡು" ಅಂದರು ಮಾವ. ಬೆಳಿಗ್ಗೆ ಹಾಲಿಗೆ ಈಗ ಅವರು ಅದರಲ್ಲೇ ಹೋಗುತ್ತಾರೆ.